ಎಡಗಡೆಯ ತಲೆ

ಯಾವ ಅಂಗಡಿಗೆ ಹೋದರೂ ಸೋಪು ಶಾಂಪೂಗಳ ಸಾಲಿನಲ್ಲಿ ನನ್ನ ತಲೆ ಇರುತ್ತದೆ. ಕೂದಲು ನೇರ ಮಾಡುವ ಕ್ರೀಮಿನ ಡಬ್ಬಿಯ ಮೇಲೆ, ಎಡಗಡೆಗೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮೊದಲು’ ಎಂದು ಬರೆದಿದೆ. ಬಲಗಡೆ ಇರುವವಳು ನನ್ನ ತಂಗಿ. ಅವಳ ಕೆಳಗೆ ‘ನಂತರ’. ನಾನು ಮನೆ ಮಠ ಕಳೆದುಕೊಂಡವಳ ಹಾಗೆ ಕೂತಿದ್ದೇನೆ, ಅವಳು ಹಲ್ಲು ಬಿಟ್ಟು ನಗುತ್ತಿದ್ದಾಳೆ. ನೋಡಿದವರು ಇಬ್ಬರನ್ನೂ ಒಬ್ಬಳೇ ಹೆಂಗಸು ಅಂದುಕೊಳ್ಳಬೇಕು, ಕ್ರೀಮು ಹಚ್ಚಿದ ಮೇಲೆ ಕೂದಲಿನ ಜೊತೆ ಅವಳ ಹಣೆಬರಹವೂ ನೆಟ್ಟಗಾಯಿತು ಅಂದುಕೊಳ್ಳಬೇಕು. ಅಂದುಕೊಳ್ಳುತ್ತಾರೆ ಕೂಡ. ನಮ್ಮಿಬ್ಬರ ಮುಖ ಅಚ್ಚು ಹೊಡೆದಂತೆ ಒಂದೇ. ಕೂದಲು ಮಾತ್ರ ನನಗೆ ಅಪ್ಪನ ಗುಂಗುರು, ಅವಳಿಗೆ ಅಮ್ಮನ ನೇರ. ಆ ಕ್ರೀಮನ್ನು ನಾವಿಬ್ಬರೂ ಇವತ್ತಿನವರೆಗೆ ತಲೆಗೆ ಮುಟ್ಟಿಸಿಲ್ಲ.

ಕ್ರೀಮು ತಯಾರಾಗುವುದು ನಾನು ಕೆಲಸ ಮಾಡುವ ಕಟ್ಟಡದಲ್ಲೇ. ಕೆಳಗೆ ಟೈರ್ ಅಂಗಡಿ, ಮೇಲಿನ ಎರಡು ಮಹಡಿ ನಮ್ಮದು. ನಾನು ಹಿಂಬದಿಯ ಕೋಣೆಯಲ್ಲಿ ಟ್ಯೂಬುಗಳ ಬಾಲಕ್ಕೆ ಬಿಸಿ ಮುಟ್ಟಿಸಿ ಸೀಲ್ ಮಾಡುತ್ತೇನೆ. ತಂಗಿ ಮುಂಬಾಗಿಲಿನ ಗಾಜಿನ ಮೇಜಿನ ಹಿಂದೆ ಕೂತು ಬಂದವರಿಗೆ ನಮಸ್ಕಾರ ಹೇಳುತ್ತಾಳೆ. ಒಂದೇ ದಿನ ಕೆಲಸಕ್ಕೆ ಸೇರಿದವರು ನಾವು. ಫೋಟೋ ಬಂದ ಮೇಲೆ ‘ನಂತರ’ ಮುಂದೆ ಹೋದಳು, ‘ಮೊದಲು’ ಹಿಂದೆ ಉಳಿದಳು. ಇದನ್ನು ಯಾರೂ ಹುನ್ನಾರ ಹೂಡಿ ಮಾಡಿದ್ದಲ್ಲ. ಡಬ್ಬಿ ನೋಡಿ ನೋಡಿ ಜನರಿಗೆ ಅದೇ ಸರಿ ಅನ್ನಿಸಿಬಿಟ್ಟಿತು, ಅಷ್ಟೇ.

ಹೆಸರು ಹಿಡಿದು ನನ್ನನ್ನು ಕರೆಯುವವರು ಕಂಪನಿಯಲ್ಲಿ ಈಗ ಯಾರೂ ಇಲ್ಲ. “ಮೊದ್ಲು, ಟೀ ಬಂತು ಬಾ” ಅನ್ನುತ್ತಾರೆ. ತರಕಾರಿಯವಳು ಸಹ ನನ್ನ ತಲೆ ನೋಡಿ, “ಅಲ್ಲಮ್ಮ, ಕ್ರೀಮ್ ಮಾಡೋ ಜಾಗದಲ್ಲೇ ಇದ್ದೀಯ, ಒಂದು ಸಲ ಹಚ್ಕೋಬಾರದಾ?” ಎಂದು ಬುದ್ಧಿ ಹೇಳುತ್ತಾಳೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಟ್ಟ ತಲೆ ಎಂದು ಡಬ್ಬಿಯ ಮೇಲೇ ಅಚ್ಚಾಗಿರುವಾಗ ಹೊಸದಾಗಿ ಕೆಡಿಸಿಕೊಳ್ಳುವುದೇನಿದೆ?

ಆದರೆ ನನ್ನ ಮಗಳು ನಾಲ್ಕನೇ ತರಗತಿಗೆ ಹೋದಳು. ನನ್ನ ಅಪ್ಪನ ಕೂದಲು ನನ್ನನ್ನು ದಾಟಿ ಅವಳ ತಲೆಗೂ ಬಂದಿತ್ತು, ನನಗಿಂತ ಬಿಗಿಯಾದ ಸುರುಳಿಗಳಾಗಿ. ತರಗತಿಯ ಯಾವಳೋ ಒಬ್ಬಳು ಮನೆಯಿಂದ ಕ್ರೀಮಿನ ಖಾಲಿ ಡಬ್ಬಿ ತಂದು ಮೇಜಿನ ಮೇಲಿಟ್ಟು, ಒಮ್ಮೆ ಅದನ್ನೂ ಒಮ್ಮೆ ನನ್ನ ಮಗಳನ್ನೂ ನೋಡಿದಳಂತೆ. ಅವತ್ತಿನಿಂದ ಅವಳು ‘ಮರಿ ಮೊದ್ಲು’. ಸಂಜೆ ಬಂದವಳೇ ಚೀಲ ಬಿಸಾಕಿ, “ನಂಗೆ ಚಿಕ್ಕಮ್ಮನ ಥರ ಕೂದ್ಲು ಬೇಕು. ಸ್ಕೂಲಿನ ಗ್ರೂಪ್ ಫೋಟೋಗೆ ಮುಂಚೆ ಬೇಕು” ಅಂದಳು.

“ಆ ಕ್ರೀಮು ತಲೆ ಉರಿಸುತ್ತೆ ಕಣೇ. ಅದು ದೊಡ್ಡವರಿಗೆ.”

“ಉರೀಲಿ. ನೀನ್ಯಾಕೆ ನಂಗೆ ಇಂಥ ಕೂದ್ಲು ಕೊಟ್ಟೆ?”

ನನ್ನ ಅಮ್ಮ ನಮ್ಮ ಮನೆಯಲ್ಲೇ ಇರುತ್ತಾಳೆ. ಚಿಕ್ಕವಳಿದ್ದಾಗ ನನ್ನನ್ನು ಮಂಡಿಯ ನಡುವೆ ಇರುಕಿಸಿಕೊಂಡು, ಒಣ ಕೂದಲಿಗೆ ಬಾಚಣಿಗೆ ಹಾಕಿ ಎಳೆದು, ಹಲ್ಲು ಮುರಿದಾಗ ನನ್ನ ತಲೆಗೇ ಮೊಟಕುತ್ತಿದ್ದವಳು. “ಮಗು ಕೇಳೋದ್ರಲ್ಲಿ ತಪ್ಪೇನಿದೆ? ನಿನ್ನ ಕಥೆ ಅಂತೂ ಹೀಗಾಯ್ತು, ಅದರದ್ದಾದ್ರೂ ನೆಟ್ಟಗಾಗ್ಲಿ” ಅಂದಳು. ತಂಗಿಗೆ ಆಗಲೇ ಫೋನು ಹೋಗಿತ್ತು. ಅವಳು, “ಒಂದು ಭಾನುವಾರ ಬಂದು ನಾನೇ ಹಚ್ಚಿಕೊಡ್ತೀನಿ ಬಿಡಕ್ಕ, ಅದಕ್ಯಾಕೆ ರಾಮಾಯಣ” ಎಂದು ಒಪ್ಪಿಕೊಂಡಿದ್ದಳು.

ನನಗೆ ಯಾರು ಏನು ಅಂದರೂ ಸಹಿಸಿದ್ದೆ. ಒಂಬತ್ತು ವರ್ಷದ ಹುಡುಗಿ ಕನ್ನಡಿಯ ಮುಂದೆ ನಿಂತು ಎರಡು ಕೈಯಲ್ಲೂ ತನ್ನ ಕೂದಲನ್ನು ಕೆಳಕ್ಕೆ ಜಗ್ಗಿ ಹಿಡಿದುಕೊಂಡು, ಬಿಟ್ಟ ಕೂಡಲೇ ಅದು ಮೇಲೆ ಹಾರಿದ್ದು ನೋಡಿ ಅಳುವುದನ್ನು ಸಹಿಸುವುದು ನನ್ನ ಕೈಲಾಗಲಿಲ್ಲ. ಏನಾದರೂ ಮಾಡಬೇಕಿತ್ತು. ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಆಗಲೇ ನಮ್ಮ ಕಂಪನಿಯ ಯಜಮಾನರಿಗೆ ಜ್ಞಾನೋದಯವಾಯಿತು. ಕೂದಲಿನ ವಿಷಯದಲ್ಲಿ ಅವರದು ನಿಸ್ವಾರ್ಥ ಸೇವೆ, ಸ್ವಂತಕ್ಕೆ ಒಂದೆಳೆಯನ್ನೂ ಇಟ್ಟುಕೊಂಡಿಲ್ಲ. ಎಲ್ಲರನ್ನೂ ಪ್ಯಾಕಿಂಗ್ ಕೋಣೆಗೆ ಕರೆದು, “ಇನ್ನು ಮುಂದೆ ಗುಂಗುರು. ಪ್ರಪಂಚ ಗುಂಗುರಾಗ್ತಾ ಇದೆ. ನಾವು ಹಿಂದೆ ಬೀಳಬಾರದು” ಅಂದರು. ಇಷ್ಟು ವರ್ಷ ಗುಂಗುರನ್ನು ಕಾಯಿಲೆ ಎಂದು ಮಾರಿದವರು, ಒಂದೇ ಬೆಳಿಗ್ಗೆ ಅದನ್ನು ವರ ಮಾಡಿಬಿಟ್ಟರು. ಹೊಸ ಕ್ರೀಮು ಏನೆಂದರೆ, ಕೈಗೆ ಹಚ್ಚಿಕೊಳ್ಳಲು ಮಾಡಿ ಯಾರೂ ಕೊಳ್ಳದೆ ಗೋದಾಮಿನಲ್ಲಿ ಕೂತಿದ್ದ ಬಿಳಿ ಕ್ರೀಮು. ಅದಕ್ಕೆ ಹಸಿರು ಬಣ್ಣ ಹಾಕಿದ್ದರು. ನಾನೇ ಅದರ ಟ್ಯೂಬುಗಳನ್ನು ಸೀಲ್ ಮಾಡಿದವಳಾದ್ದರಿಂದ ನನ್ನ ಮುಂದೆ ಗುಟ್ಟೇನೂ ಇರಲಿಲ್ಲ.

ಮಾತು ಮುಗಿಸಿ ಹೋಗುವಾಗ ಯಜಮಾನರು ನನ್ನ ಬಳಿ ನಿಂತು, ನನ್ನ ತಲೆಯನ್ನು ಮೊದಲ ಸಲ ಕಂಡವರ ಹಾಗೆ ನೋಡಿ, “ಏನಮ್ಮ ಮೊದ್ಲು, ಈ ಸಲ ನಿಂದೇ ಕಾಲ” ಅಂದರು.

ನಾನು ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದೆ. ಹಿಗ್ಗಿ ಹೀರೇಕಾಯಿಯಾಗಿದ್ದೆ. ಮಗಳನ್ನು ಎದುರು ಕೂರಿಸಿಕೊಂಡು, “ಹೊಸ ಡಬ್ಬಿ ಬರ್ತಾ ಇದೆ. ಗುಂಗುರು ಕೂದಲಿಂದು. ಅದರಲ್ಲಿ ನಾನು ಬಲಗಡೆ. ನಾನೇ ‘ನಂತರ’” ಅಂದೆ.

ಅವಳು ಹುಬ್ಬು ಗಂಟಿಕ್ಕಿದಳು. “ನಿಜವಾಗ್ಲೂ ಬಲಗಡೆನಾ?”

“ನಿಜವಾಗ್ಲೂ.”

“ಡಬ್ಬಿ ಬರ್ಲಿ. ನೀನು ಬಲಗಡೆ ಬಂದ್ರೆ ನಾನು ಆ ನೇರ ಮಾಡೋ ಕ್ರೀಮು ಹಚ್ಕೊಳಲ್ಲ. ಎಡಗಡೆ ಬಂದ್ರೆ ಹಚ್ಕೊಳ್ತೀನಿ. ನೀನು ಅಡ್ಡ ಬರಬಾರ್ದು.”

ಒಪ್ಪಿಕೊಂಡೆ. ಸೋಲುವ ಪ್ರಶ್ನೆಯೇ ಇರಲಿಲ್ಲವಲ್ಲ.

ಮರುವಾರ ಸಲಹೆಗಾರ ಬಂದ. ಗುಂಗುರು ವಿಷಯದಲ್ಲಿ ತಜ್ಞನಂತೆ. ತೆಳ್ಳಗಿನ ಯುವಕ, ಸ್ವಂತ ತಲೆಯಲ್ಲಿ ಕಡ್ಡಿ ನಿಲ್ಲಿಸಿದಂಥ ನೇರ ಕೂದಲು. ಗೋಡೆಗೆ ಒಂದು ಚಾರ್ಟು ನೇತುಹಾಕಿದ. ಅದರಲ್ಲಿ ಅಲೆ, ಸುರುಳಿ, ಸ್ಪ್ರಿಂಗು ಎಂದು ಕೂದಲಿಗೆ ದರ್ಜೆಗಳು, ದರ್ಜೆಯೊಳಗೆ ಉಪದರ್ಜೆಗಳು. ಮನುಷ್ಯರನ್ನು ಮೇಲೆ ಕೆಳಗೆ ಇಡಲು ಹೊಸದೊಂದು ಏಣಿ ಸಿಕ್ಕ ಖುಷಿಯಲ್ಲಿ ಕಂಪನಿಯವರೆಲ್ಲ ಚಾರ್ಟಿನ ಮುಂದೆ ನಿಂತು ತಮ್ಮ ತಮ್ಮ ಸ್ಥಾನ ಹುಡುಕಿಕೊಂಡರು. ಲೆಕ್ಕ ವಿಭಾಗದ ಅಣ್ಣನಿಗೆ ಕಿವಿಯ ಮೇಲೆ ಮಾತ್ರ ಕೂದಲು. ಅವನೂ ತನ್ನದು ಎರಡನೇ ದರ್ಜೆಯ ಅಲೆ ಎಂದು ವಾದ ಮಾಡಿದ.

ಆದರೆ ಸುಳ್ಳು ಹೇಳಬಾರದು, ಅವನು ಹೇಳಿಕೊಟ್ಟ ವಿದ್ಯೆ ಅಸಲಿಯಾಗಿತ್ತು. ಒಣ ಗುಂಗುರಿಗೆ ಬಾಚಣಿಗೆ ಹಾಕಲೇಬೇಡಿ ಅಂದ. ಕೂದಲು ಒದ್ದೆಯಿದ್ದು, ಕಂಡೀಷನರ್ ಹಚ್ಚಿ ಜಾರುವಂತಿರುವಾಗ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಟವೆಲಿನಲ್ಲಿ ತಿಕ್ಕಬೇಡಿ, ಹಳೆಯ ಬನಿಯನ್ನಿನಲ್ಲಿ ಒತ್ತಿ ನೀರು ತೆಗೆಯಿರಿ. ಆಮೇಲೆ ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು ಅಂಗೈಗೆ ಹಚ್ಚಿಕೊಂಡು, ಕೂದಲನ್ನು ಕೆಳಗಿನಿಂದ ಮೇಲಕ್ಕೆ ಹಿಂಡಿ ಬಿಡಿ. ಒಣಗುವ ತನಕ ಕೈ ಹಾಕಬೇಡಿ. ಒಣಗಿ ಗರಿಗರಿಯಾದ ಮೇಲೆ ಇನ್ನೊಮ್ಮೆ ಹಿಂಡಿದರೆ ಗರಿ ಮುರಿದು ಸುರುಳಿ ಮೆತ್ತಗಾಗುತ್ತದೆ. ಇದಿಷ್ಟರಲ್ಲಿ ನಮ್ಮ ಹಸಿರು ಕ್ರೀಮಿಗೆ ಎಲ್ಲಿಯೂ ಕೆಲಸವಿರಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡ ಮೇಲೆ, “ಕೊನೆಗೆ ನಮ್ಮ ಕ್ರೀಮು ಒಂದು ಚಿಟಿಕೆ” ಎಂದು ಸೇರಿಸಿದ.

ಮೂಗು ಮುರಿಯುತ್ತಲೇ ಕೇಳಿಸಿಕೊಂಡಿದ್ದೆ. ಮನೆಯಲ್ಲಿ ಮಾಡಿ ನೋಡಿದೆ. ಮೊದಲ ಸಲ ಲೋಳೆ ಹೆಚ್ಚಾಗಿ ತಲೆ ಅಂಟಂಟಾಯಿತು, ನನ್ನ ಗಂಡ ಹತ್ತಿರ ಬಂದು ಮೂಸಿ, “ಇದೇನು, ಪೋಸ್ಟರ್ ಅಂಟಿಸೋಕೆ ಹೊರಟಿದ್ದೀಯಾ?” ಅಂದ. ಬರಬರುತ್ತಾ ಕೈ ಪಳಗಿತು. ಮೂರು ವಾರ ಕಳೆಯುವಷ್ಟರಲ್ಲಿ ಕನ್ನಡಿಯಲ್ಲಿ ನನಗೇ ಪರಿಚಯವಿಲ್ಲದ ಒಬ್ಬಳು ನಿಂತಿದ್ದಳು. ಕೆದರಿ ನಿಲ್ಲುತ್ತಿದ್ದ ಪೊದೆ ಹೋಗಿ ಹೆಬ್ಬೆರಳು ದಪ್ಪದ ಸುರುಳಿಗಳು ಭುಜದ ಮೇಲೆ ಇಳಿಬಿದ್ದಿದ್ದವು. ತಿರುಗಿದರೆ ಅವೂ ತಿರುಗುತ್ತಿದ್ದವು. ಇಷ್ಟು ವರ್ಷ ತಲೆಯ ಮೇಲೇ ಇದ್ದದ್ದನ್ನು ಯಾರೂ ನನಗೆ ತೋರಿಸಿರಲಿಲ್ಲವಲ್ಲ ಎಂದು ಅಳು ಬಂತು. ಅತ್ತುಬಿಟ್ಟೆ, ಮುಚ್ಚುಮರೆಯೇನು.

ಮಗಳು ಸುತ್ತ ಒಂದು ಸುತ್ತು ಬಂದು, ಒಂದು ಸುರುಳಿಯನ್ನು ಎಳೆದು ಬಿಟ್ಟು ನೋಡಿದಳು. “ಚೆನ್ನಾಗೇ ಇದೆ. ಆದ್ರೆ ಡಬ್ಬಿ ಮೇಲೆ ಬರ್ಲಿ” ಅಂದಳು. ಅವಳಿಗೆ ಕಣ್ಣಿಗಿಂತ ಡಬ್ಬಿ ಮೇಲೆ ನಂಬಿಕೆ. ಇಡೀ ಊರಿಗೇ ಹಾಗಿರುವಾಗ ಮಗುವಿಗೆ ಏನು ಹೇಳಲಿ?

ಫೋಟೋ ತೆಗೆಯುವ ದಿನ ಮೇಲಿನ ಮಹಡಿಯ ಗೋಡೆಗೆ ನೀಲಿ ಬಟ್ಟೆ ಕಟ್ಟಿದ್ದರು. ಎರಡು ಸ್ಟೂಲು, ಎರಡು ದೊಡ್ಡ ದೀಪ. ಬಲಗಡೆಯ ಸ್ಟೂಲಿನ ಮೇಲೆ ನನ್ನ ತಂಗಿ ಕೂತಿದ್ದಳು. ಬೆಳಿಗ್ಗೆಯಿಂದ ಬಿಸಿ ರಾಡಿಗೆ ಸುತ್ತಿ ಸುತ್ತಿ ಅವಳ ನೇರ ಕೂದಲನ್ನೆಲ್ಲ ಸುರುಳಿ ಮಾಡಿ, ಮೇಲೆ ಸ್ಪ್ರೇ ಹೊಡೆದಿದ್ದರು. ಕುತ್ತಿಗೆಯಲ್ಲಿ ಎರಡು ಕಡೆ ಸುಟ್ಟ ಗುರುತು. ಕತ್ತು ಅಲ್ಲಾಡಿಸಬಾರದೆಂದು ಹೇಳಿದ್ದರಿಂದ ಕಣ್ಣು ಮಾತ್ರ ತಿರುಗಿಸಿ, “ಅಕ್ಕಾ, ನಂಗೇನೂ ಗೊತ್ತಿಲ್ಲ, ಕೂರು ಅಂದ್ರು, ಕೂತೆ” ಅಂದಳು.

ಫೋಟೋಗ್ರಾಫರ್ ನನ್ನನ್ನು ಕಂಡವನೇ ಅಭ್ಯಾಸದಂತೆ ಎಡಗಡೆಯ ಸ್ಟೂಲು ತಟ್ಟಿದ. “ಬಾಮ್ಮ ಮೊದ್ಲು, ನಿನ್ನ ಜಾಗ.”

“ಈ ಸಲ ನಾನು ‘ನಂತರ’. ಯಜಮಾನ್ರೇ ಹೇಳಿದ್ದಾರೆ.”

ಯಜಮಾನರು ಚಾವಣಿ ನೋಡಿದರು. “ನಿಂದೇ ಕಾಲ ಅಂದೆ. ಯಾವ ಕಡೆ ಅಂತ ಹೇಳಿದ್ನಾ?”

ಸಲಹೆಗಾರ ಮುಂದೆ ಬಂದು ಶಾಂತವಾಗಿ ವಿವರಿಸಿದ. “ಮೇಡಂ, ಆರೈಕೆ ಇಲ್ಲದ ಗುಂಗುರು ಎಡಗಡೆ, ಆರೈಕೆ ಮಾಡಿದ ಗುಂಗುರು ಬಲಗಡೆ. ನಿಮ್ಮದು ಹುಟ್ಟಿದಾಗಿಂದ ಇರೋದು, ಅಸಲಿ. ಅಸಲಿ ಇದ್ದದ್ದೇ ‘ಮೊದಲು’ ಅಲ್ವಾ? ಇವರದ್ದು ಮಾಡಿದ್ದು. ಮಾಡಿದ್ದು ಯಾವಾಗ್ಲೂ ‘ನಂತರ’.”

“ಅಲ್ಲ ಸಾರ್, ನೀವು ಹೇಳ್ಕೊಟ್ಟ ಹಾಗೇ ಮಾಡಿದ್ದೀನಿ. ಬನಿಯನ್ನು, ಲೋಳೆ, ಎಲ್ಲ. ಸ್ವಲ್ಪ ನನ್ನ ತಲೆ ನೋಡಿ.”

ನೋಡಿದ. ಚಾರ್ಟು ನೋಡಿದ. ಮತ್ತೆ ನನ್ನ ತಲೆ ನೋಡಿದ. “ಹೌದು, ಅದೇ ಸಮಸ್ಯೆ. ಸ್ವಲ್ಪ ಜಾಸ್ತಿ ಚೆನ್ನಾಗಿದೆ. ಒಂದು ಟವೆಲ್ ತಗೊಂಡು ಜೋರಾಗಿ ತಿಕ್ಕಿ, ಒಣ ಬಾಚಣಿಗೆ ಹಾಕಿದ್ರೆ ಸರಿಹೋಗುತ್ತೆ.”

ಪಿತ್ತ ನೆತ್ತಿಗೇರಿತು. “ಟವೆಲ್ ಮುಟ್ಟಿಸಿದ್ರೆ ನೋಡಿ. ತಲೆ ನಂದು” ಅಂದೆ. ಜೋರಾಗಿಯೇ ಅಂದೆ. ಕೆಳಗೆ ಟೈರ್ ಅಂಗಡಿಯವರಿಗೂ ಕೇಳಿಸಿತಂತೆ. ಯಜಮಾನರು ಕೆಲಸದ ಮಾತು ತೆಗೆದರು, ನಾನು ಮನೆಗೆ ಹೋಗುತ್ತೇನೆ ಅಂದೆ, ಸಲಹೆಗಾರ ಮಾರುಕಟ್ಟೆಯ ಮಾತು ತೆಗೆದ, ನಾನು ಅವನ ಅಜ್ಜನ ಮಾತು ತೆಗೆದೆ. ಈ ಜಗಳ ನಡೆಯುವಷ್ಟು ಹೊತ್ತೂ ತಂಗಿ ದೀಪದ ಕೆಳಗೆ ಬೇಯುತ್ತಿದ್ದಳು. ಅವಳ ಸುರುಳಿಗಳು ಒಂದೊಂದಾಗಿ ಕಣ್ಣೆದುರೇ ಬಿಚ್ಚಿಕೊಂಡು, ಕಡೆಗೆ ಕುದಿಸಿ ಇಳಿಸಿದ ನೂಡಲ್ಸ್ ಹಾಗೆ ಭುಜಕ್ಕೆ ಅಂಟಿ ಕೂತವು. ಮುಖದ ಬೆವರು ಒರೆಸಲು ಬಂದವರು ಕೂದಲಿನ ಕಡೆ ನೋಡಲಿಲ್ಲ.

“ಇರ್ಲಿ ಬಿಡಿ ಸಾರ್” ಎಂದು ಫೋಟೋಗ್ರಾಫರ್ ಗಡಿಯಾರ ನೋಡಿಕೊಂಡ. “ಇವ್ರನ್ನ ಹೀಗೇ ತೆಗಿತೀನಿ. ಆಮೇಲೆ ನಿಮ್ಮ ಡಿಸೈನರ್ ಕಂಪ್ಯೂಟರಲ್ಲಿ ಕೆಡಿಸ್ಲಿ.”

ಅದಕ್ಕೆ ಎಲ್ಲರೂ ಒಪ್ಪಿದರು. ನನ್ನನ್ನು ಎಡಕ್ಕೆ ಕೂರಿಸಿದರು. ಎದ್ದು ಹೋಗಬಹುದಿತ್ತು. ಆದರೆ ಆ ಸಂಬಳದಿಂದ ನಮ್ಮ ಮನೆಯ ಅರ್ಧ ಒಲೆ ಉರಿಯುತ್ತದೆ. ಮುಖ ಸಪ್ಪಗೆ ಮಾಡು ಅಂದರು. ಸಪ್ಪಗಾಗಲಿಲ್ಲ, ಕೆಂಡವಾಗಿತ್ತು. ಕ್ಯಾಮೆರಾವನ್ನು ನುಂಗುವ ಹಾಗೆ ನೋಡಿದೆ. ತಂಗಿಗೆ ನಗು ಅಂದರು, ಪಾಪ, ನಕ್ಕಳು.

ಮನೆಗೆ ಬಂದು ಮಗಳಿಗೆ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಪೆನ್ಸಿಲ್ ಕೊರೆಯುವುದನ್ನು ನಿಲ್ಲಿಸದೆ, “ಎಡಗಡೆನಾ? ಹಂಗಾದ್ರೆ ಚಿಕ್ಕಮ್ಮಂಗೆ ಹೇಳು, ಭಾನುವಾರ ಬರ್ಲಿ” ಅಂದಳು. ಡಬ್ಬಿ ಬರುವ ತನಕವಾದರೂ ತಡಿ ಎಂದು ಗೋಗರೆದು ಎರಡು ವಾರ ಮುಂದೂಡಿದೆ. ಡಬ್ಬಿ ಬಂದು ಏನಾಗಬೇಕಿತ್ತು? ಏನೂ ಇಲ್ಲ. ಮುಳುಗುವವರು ಏನನ್ನಾದರೂ ಹಿಡಿದುಕೊಳ್ಳುತ್ತಾರೆ, ನಾನು ಎರಡು ವಾರ ಹಿಡಿದುಕೊಂಡೆ.

ಡಬ್ಬಿಗಳು ಬಂದವು. ಟ್ಯೂಬು ತುಂಬಿಸಲು ರಟ್ಟಿನ ಕಟ್ಟು ಬಿಚ್ಚಿದ ನಾನು ನಿಂತಲ್ಲೇ ನಿಂತೆ. ಎಡಗಡೆ ನಾನಿದ್ದೆ. ನನ್ನ ಒಂದು ಸುರುಳಿಯೂ ಅಲ್ಲಾಡಿರಲಿಲ್ಲ. ದೀಪದ ಬೆಳಕಿಗೆ ಒಂದೊಂದೂ ಮಿಂಚುತ್ತಿತ್ತು. ಬಲಗಡೆ ತಂಗಿ, ನೂಡಲ್ಸ್ ಸಮೇತ. ನನ್ನ ಕೆಳಗೆ ‘ಮೊದಲು’, ಅವಳ ಕೆಳಗೆ ‘ನಂತರ’. ಡಬ್ಬಿ ತಗೊಂಡು ನೇರ ಡಿಸೈನರ್ ಬಳಿಗೆ ಹೋದೆ.

“ನನ್ನ ಕೂದಲನ್ನ ಕೆಡಿಸೋಕೆ ಹೇಳಿದ್ರಲ್ಲ, ಯಾಕೆ ಕೆಡಿಸಲಿಲ್ಲ?”

ಅವನು ಕನ್ನಡಕ ಏರಿಸಿ ಡಬ್ಬಿ ನೋಡಿದ, ನನ್ನನ್ನು ನೋಡಿದ. “ಹೇಳಿದ್ರು. ತೆಗೆದು ನೋಡ್ದೆ. ಎಡಗಡೆ ನಿನ್ನ ಫೋಟೋ ಇತ್ತು. ಆಗ್ಲೇ ಯಾರೋ ಕೆಡಿಸಿದ್ದಾರೆ ಅಂದ್ಕೊಂಡೆ.”

ವ್ಯಂಗ್ಯವಿರಲಿಲ್ಲ ಅವನ ದನಿಯಲ್ಲಿ, ಅದೇ ಹೆಚ್ಚು ಉರಿಸಿದ್ದು. ಸಲಹೆಗಾರ ನೋಡಿ ಸಹಿ ಹಾಕಿದ್ದ. ಯಜಮಾನರು ನೋಡಿ ಸಹಿ ಹಾಕಿದ್ದರು. ಪ್ರೆಸ್ಸಿನವರು ನೋಡಿದ್ದರು. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಊಟದ ಹೊತ್ತಿಗೆ ಪ್ಯಾಕಿಂಗಿನ ಹೆಂಗಸರು ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ, “ಅಬ್ಬಾ, ಎಷ್ಟು ಬದಲಾವಣೆ ನೋಡ್ರೇ” ಎಂದು ತಂಗಿಯ ನೂಡಲ್ಸನ್ನು ಹೊಗಳಿದರು. ನಾನು ಎದ್ದು ಹೋಗಿ ಟ್ಯೂಬುಗಳನ್ನು ಸೀಲ್ ಮಾಡಿದೆ.

ಭಾನುವಾರ ತಂಗಿ ಬಂದಳು. ಒಂದು ಚೀಲದಲ್ಲಿ ನೇರ ಮಾಡುವ ಹಳೆಯ ಕ್ರೀಮು, ಕೈಗವಸು, ಬ್ರಷ್ಷು. ಇನ್ನೊಂದರಲ್ಲಿ ನಮ್ಮಮ್ಮನಿಗೆ ತೋರಿಸಲು ಹೊಸ ಡಬ್ಬಿ. ಮಗಳು ಆಗಲೇ ಹಜಾರದ ನಡುವೆ ಸ್ಟೂಲು ಹಾಕಿಕೊಂಡು, ಹೆಗಲಿಗೆ ಟವೆಲ್ ಹೊದ್ದು ಕೂತಿದ್ದಳು. ಮಾತು ಕೊಟ್ಟಿದ್ದೆ, ಅಡ್ಡ ಬರುವಂತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಕುತ್ತಿಗೆಯ ಮೇಲೆ ಪುಟ್ಟ ಸುರುಳಿಗಳು ಟವೆಲಿನಿಂದ ಇಣುಕುತ್ತಿದ್ದವು. ನೋಡಲಾಗಲಿಲ್ಲ, ಆದರೂ ನೋಡುತ್ತಲೇ ನಿಂತೆ.

ಅಮ್ಮ ಕಿಟಕಿಯ ಬೆಳಕಿಗೆ ಡಬ್ಬಿ ಹಿಡಿದಳು. “ಅಯ್ಯೋ, ಈ ಎಡಗಡೆ ನೋಡೋಕಾಗಲ್ಲ ಕಣೇ. ಬಲಗಡೆ ನೋಡು, ಹೆಂಗೆ ಬಂದಿದೆ! ನೋಡು ಪುಟ್ಟಿ, ನಿಮ್ಮ ಚಿಕ್ಕಮ್ಮ ಎಷ್ಟು ಚೆನ್ನಾಗಿ ಕಾಣ್ತಾಳೆ.”

ಹೆತ್ತ ತಾಯಿ. ಎರಡು ಮಾರು ದೂರದಲ್ಲಿ ಅದೇ ಸುರುಳಿಗಳನ್ನು ಹೊತ್ತುಕೊಂಡು ನಾನು ನಿಂತಿದ್ದೆ.

ತಂಗಿ ಕೈಗವಸು ಹಾಕಿಕೊಂಡಳು. ಕ್ರೀಮಿನ ಮುಚ್ಚಳ ತೆಗೆದ ಕೂಡಲೇ ಆ ಘಾಟು ಹಜಾರವನ್ನೆಲ್ಲ ತುಂಬಿತು. ಮಗಳು ಅಜ್ಜಿಯ ಕೈಯಿಂದ ಡಬ್ಬಿ ಇಸಿದುಕೊಂಡು ನೋಡಿದಳು. ಬೆರಳಿಟ್ಟು ‘ಮೊದಲು’ ಎಂದು ಓದಿದಳು. ಬೆರಳು ಜರುಗಿಸಿ ‘ನಂತರ’ ಎಂದು ಓದಿದಳು. ಮತ್ತೆ ಎಡಕ್ಕೆ ಬಂದಳು.

“ಚಿಕ್ಕಮ್ಮಾ, ಈ ಕ್ರೀಮು ಹಚ್ಚೋಕ್ ಮೊದ್ಲು ಇಷ್ಟು ಚೆನ್ನಾಗಿರುತ್ತಾ?”

“ಹೂಂ... ಅದು... ಕತ್ತು ಬಗ್ಸು.”

“ಹಚ್ಚಿದ್ಮೇಲೆ ಹಿಂಗಾಗೋಗುತ್ತಾ?”

ತಂಗಿಯ ಬ್ರಷ್ಷು ಅರ್ಧದಲ್ಲಿ ನಿಂತಿತು. ಡಬ್ಬಿಯನ್ನು ಅವಳೂ ನೋಡಿದಳು. ಅಷ್ಟು ದಿನ ಅದನ್ನು ಹಿಡಿದುಕೊಂಡು ಓಡಾಡಿದವಳು ಅವತ್ತು ಮೊದಲ ಸಲ ನೋಡಿದ್ದು ಎಂದು ಅವಳ ಮುಖದಲ್ಲೇ ಗೊತ್ತಾಯಿತು.

“ಅದಕ್ಕೇನಾ ಫೋಟೋದಲ್ಲಿ ಅಮ್ಮ ಇಷ್ಟು ಕೋಪ ಮಾಡ್ಕೊಂಡಿರೋದು? ಹಾಳ್ಮಾಡ್ತಾರೆ ಅಂತ ಗೊತ್ತಿತ್ತಾ ಅವ್ಳಿಗೆ?”

ಮಗಳು ತಂಗಿಯ ಕೈಯಲ್ಲಿದ್ದ ಹಳೆಯ ಕ್ರೀಮಿನ ಕಡೆ ಗಲ್ಲ ತೋರಿಸಿದಳು. “ಇದೂ ಅದೇ ಕಂಪನಿಯವ್ರೇ ಮಾಡಿದ್ದಲ್ವಾ?”

“ಹೌದು ಪುಟ್ಟಿ” ಅಂದಳು ತಂಗಿ, ಸಣ್ಣ ದನಿಯಲ್ಲಿ.

“ಹಂಗಾದ್ರೆ ನಂಗೆ ಬೇಡ.”

ಸ್ಟೂಲಿನಿಂದ ಇಳಿದಳು. ಹೆಗಲ ಮೇಲಿನ ಟವೆಲ್ ತೆಗೆದು, ನೀಟಾಗಿ ಕೊಡವಿ, ಕಿಟಕಿಯ ಬಳಿ ಬಾಯಿ ತೆರೆದುಕೊಂಡು ನಿಂತಿದ್ದ ಅಜ್ಜಿಯ ಹೆಗಲಿಗೆ ಹೊದಿಸಿದಳು.

“ಅಜ್ಜಿಗೆ ಹಚ್ಚು ಚಿಕ್ಕಮ್ಮ. ಅವ್ಳಿಗೆ ಬಲಗಡೆದೇ ಇಷ್ಟ.”